ಹಾಡಿನ ಉದ್ದ ಪ್ಲೇಯರ್‌ಗೂ ಗೊತ್ತಿಲ್ಲದಾಗ

ಪ್ಲೇಯರ್‌ನ ಕೆಳಪಟ್ಟಿಯಲ್ಲಿ ಕಾಣುವ ಒಟ್ಟು ಅವಧಿ ಎಷ್ಟೋ ಸಲ ಅಳೆದು ಹೇಳಿದ್ದಲ್ಲ. ಫೈಲು ತಾನಾಗಿ ಹೇಳಿಕೊಂಡದ್ದು, ಇಲ್ಲವೇ ಪ್ಲೇಯರ್ ಅಂದಾಜಿಸಿದ್ದು. ಎಂಪಿ4 ಫೈಲಿನಲ್ಲಿ ಅವಧಿ ಬರೆಯಲು ಜಾಗವಿದೆ. ಎಂಪಿ3ಯಲ್ಲಿ ಅಂಥ ಕಡ್ಡಾಯ ಜಾಗವಿಲ್ಲ. ಬಿಟ್‌ರೇಟ್ (ಸೆಕೆಂಡಿಗೆ ತಗಲುವ ಬಿಟ್‌ಗಳ ಸಂಖ್ಯೆ) ಒಂದೇ ಸಮ ಇದ್ದರೆ ಫೈಲಿನ ಗಾತ್ರವನ್ನು ಅದರಿಂದ ಭಾಗಿಸಿದರಾಯಿತು. ಏರಿಳಿಯುವ ಬಿಟ್‌ರೇಟಿನ ಹಾಡು ನಿಶ್ಶಬ್ದದಿಂದ ಶುರುವಾದರೆ ಮೊದಲ ಫ್ರೇಮುಗಳ ಬಿಟ್‌ರೇಟ್ ಕಡಿಮೆ ಇರುತ್ತದೆ. ಅದನ್ನೇ ನಂಬಿದ ಪ್ಲೇಯರ್ ನಾಲ್ಕು ನಿಮಿಷದ ಹಾಡಿಗೆ ಹತ್ತು ನಿಮಿಷ ತೋರಿಸಿಬಿಡಬಹುದು.

ಈ ಲೆಕ್ಕದ ಕೋಡನ್ನು ಯಾರಾದರೂ ತಿದ್ದಿದರೆ, ಸೇರಿಸಿಕೊಳ್ಳುವ ಮುನ್ನ ಇನ್ನೊಬ್ಬರು ಓದಿ ನೋಡುತ್ತಾರೆ. ಇದೇ ಕೋಡ್ ರಿವ್ಯೂ. ಮೊದಲು ಕಣ್ಣು ಹಾಯುವುದು ಅಳತೆಯ ಮಾನದ ಮೇಲೆ. ಆಡಿಯೊ-ವಿಡಿಯೊ ತಂತ್ರಾಂಶಗಳಲ್ಲಿ ಎಫ್ಎಫ್ಎಂಪೆಗ್ ಒಟ್ಟು ಅವಧಿಯನ್ನು ಮೈಕ್ರೊಸೆಕೆಂಡುಗಳಲ್ಲಿ, ಜಿಸ್ಟ್ರೀಮರ್ ನ್ಯಾನೊಸೆಕೆಂಡುಗಳಲ್ಲಿ, ಬ್ರೌಸರ್ ಸೆಕೆಂಡುಗಳಲ್ಲಿ ಇಡುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಸಾವಿರದ ಗುಣಾಕಾರ ತಪ್ಪಿದರೆ ಕೂಡಲೇ ಸಿಕ್ಕಿಬೀಳುತ್ತದೆ. ಚಿಲ್ಲರೆ ತಪ್ಪುಗಳೇ ಕಷ್ಟ. ಅಮೆರಿಕದ ಟಿವಿ ವಿಡಿಯೊದ ವೇಗ ಸೆಕೆಂಡಿಗೆ 30 ಫ್ರೇಮ್ ಅಲ್ಲ, 30000/1001. 30 ಎಂದುಕೊಂಡರೆ ಗಂಟೆಗೆ 3.6 ಸೆಕೆಂಡು ವ್ಯತ್ಯಾಸ. ಅದಕ್ಕೇ ಎಫ್ಎಫ್ಎಂಪೆಗ್ ಇಂಥವನ್ನು ದಶಮಾಂಶವಾಗಿಸದೆ ಭಿನ್ನರಾಶಿಯಾಗಿಯೇ ಉಳಿಸಿಕೊಳ್ಳುತ್ತದೆ.

ಸಂಖ್ಯೆ ಹಿಡಿಸುವ ಜಾಗವನ್ನೂ ನೋಡಬೇಕು. ಸೆಕೆಂಡನ್ನು 90,000 ಭಾಗವಾಗಿ ಎಣಿಸಿದರೆ 32 ಬಿಟ್ ಜಾಗ ಸುಮಾರು 13 ಗಂಟೆ 15 ನಿಮಿಷಕ್ಕೆ ತುಂಬುತ್ತದೆ. ಸಿನಿಮಾಕ್ಕೆ ಧಾರಾಳವಾಯಿತು, ಸಿಸಿಟಿವಿಗೆ ಸಾಲದು.

ಎಲ್ಲಕ್ಕಿಂತ ನಾಜೂಕಿನ ಪ್ರಶ್ನೆ: ಅವಧಿ ಗೊತ್ತೇ ಇಲ್ಲದಿದ್ದರೆ? ನೇರಪ್ರಸಾರಕ್ಕೆ ಕೊನೆ ಎಲ್ಲಿಯದು? ಬ್ರೌಸರ್ ಅದನ್ನು ಅನಂತ ಎನ್ನುತ್ತದೆ. ‘ಗೊತ್ತಿಲ್ಲ’ ಎನ್ನಲು ಎಫ್ಎಫ್ಎಂಪೆಗ್ 64 ಬಿಟ್‌ನ ಅತಿ ಚಿಕ್ಕ ಋಣಸಂಖ್ಯೆಯನ್ನೂ ಜಿಸ್ಟ್ರೀಮರ್ ಅತಿ ದೊಡ್ಡ ಸಂಖ್ಯೆಯನ್ನೂ ಮೀಸಲಿಟ್ಟಿವೆ. ತಪಾಸಣೆಯ ಒಂದು ಸಾಲು ಮರೆತರೆ ಜಿಸ್ಟ್ರೀಮರ್‌ನ ಆ ಸಂಖ್ಯೆ ಸುಮಾರು 584 ವರ್ಷದ ಹಾಡಾಗಿ ತೆರೆಯ ಮೇಲೆ ಬರುತ್ತದೆ. ನಗು ಬಂದರೂ ತಪ್ಪು ಕಣ್ಣಿಗೆ ಬಿತ್ತಲ್ಲ, ಅಷ್ಟಾದರೂ ಲಾಭ. ‘ಗೊತ್ತಿಲ್ಲ’ ಎಂಬುದಕ್ಕೆ ಸೊನ್ನೆ ಹಾಕುವ ಕೋಡ್ ಇದಕ್ಕಿಂತ ಅಪಾಯಕಾರಿ. ಎಷ್ಟು ಭಾಗ ಮುಗಿಯಿತೆಂದು ಲೆಕ್ಕ ಹಾಕಹೋದರೆ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಇಲ್ಲವೇ ಹಾಡು ಮುಗಿದೇಹೋಯಿತೆಂದು ಪ್ಲೇಯರ್ ಮುಂದಿನದಕ್ಕೆ ಜಿಗಿಯುತ್ತದೆ.

ಇಂಥ ತಿದ್ದುಪಡಿಯನ್ನು ಓದಿದ ಮಾತ್ರಕ್ಕೆ ಒಪ್ಪಲಾಗದು. ಎಫ್ಎಫ್ಎಂಪೆಗ್‌ನ ‘ಫೇಟ್’ ವ್ಯವಸ್ಥೆ ಮಾದರಿ ಫೈಲುಗಳನ್ನು ಓಡಿಸಿ, ಬಂದ ಫಲಿತಾಂಶವನ್ನು ಹಳೆಯದರೊಂದಿಗೆ ತಾಳೆ ನೋಡುತ್ತದೆ. ತಪ್ಪನ್ನು ತೋರಿಸಿಕೊಡುವ ಮಾದರಿ ಫೈಲೇ ಇಲ್ಲದೆ ಬಂದ ಅವಧಿ ತಿದ್ದುಪಡಿಯನ್ನು ವಾಪಸು ಕಳಿಸುವುದೇ ಸರಿ.