ಯಂತ್ರ ಗಟ್ಟಿ, ಕಂಪ್ಯೂಟರ್ ಹೊಸದು, ಡ್ರೈವರ್ ಎಲ್ಲಿ?

ಮೂವತ್ತು ವರ್ಷ ಹಳೆಯ ಲೇತನ್ನು ಗುಜರಿಗೆ ಹಾಕುವ ಮಾತನ್ನು ವರ್ಕ್‌ಶಾಪ್ ನಡೆಸುವವರು ಸುಲಭಕ್ಕೆ ಆಡುವುದಿಲ್ಲ. ಬೆಡ್ ಸವೆದಿದ್ದರೆ ಸ್ಕ್ರೇಪಿಂಗ್ ಮಾಡಿಸುತ್ತಾರೆ, ಬೇರಿಂಗ್ ಬದಲಿಸುತ್ತಾರೆ, ಮತ್ತೆ ಹತ್ತು ವರ್ಷ ದುಡಿಸುತ್ತಾರೆ. ಎಚ್‌ಎಂಟಿ ಗಡಿಯಾರಗಳ ಕಥೆ 2016ರಲ್ಲಿ ಮುಗಿಯಿತು, ಅದರೊಂದಿಗೆ ತುಮಕೂರಿನ ಕಾರ್ಖಾನೆಯದ್ದೂ. ಅದೇ ಹೆಸರಿನ ಲೇತ್‌ಗಳು ಮಾತ್ರ ನಮ್ಮ ಶೆಡ್‌ಗಳಲ್ಲಿ ಇನ್ನೂ ತಿರುಗುತ್ತಿವೆ. ಕಬ್ಬಿಣದ ಆಯುಸ್ಸು ಅಂಥದ್ದು. ಕಬ್ಬಿಣಕ್ಕೆ ಕಂಪ್ಯೂಟರ್ ಸೇರಿಕೊಂಡ ಮೇಲೆ ಈ ಲೆಕ್ಕ ತಪ್ಪಿತು. ಸಿಎನ್‌ಸಿ ಯಂತ್ರ, ವೈರ್‌ಕಟ್, ಅಳತೆ ನೋಡುವ ಸಿಎಂಎಂ, ಇವೆಲ್ಲ ಸರಿಯಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬಾಳುತ್ತವೆ. ಪಕ್ಕದಲ್ಲಿ ಕೂತು ಅವನ್ನು ನಡೆಸುವ ಪಿಸಿ ಅಷ್ಟು ದಿನ ಬರುವುದಿಲ್ಲ. ಒಂದು ದಿನ ಮದರ್‌ಬೋರ್ಡ್ ಹೋಗುತ್ತದೆ, ಅಂಗಡಿಯಿಂದ ಹೊಸ ಪಿಸಿ ಬರುತ್ತದೆ, ಅದಕ್ಕೆ ಹಳೆಯ ವಿಂಡೋಸ್ ಹಾಕಲು ಕೂತಾಗ ತೊಂದರೆ ಶುರುವಾಗುತ್ತದೆ.

ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಗೆ ಹತ್ತಿರದ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. ಇಲ್ಲಿನ ಫುಡ್ ಪಾರ್ಕನ್ನು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ್ದು 2014ರ ಸೆಪ್ಟೆಂಬರ್ 24ರಂದು. ಅದೇ ವರ್ಷ ಏಪ್ರಿಲ್ 8ರಂದು ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಗೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತ್ತು. ಯಂತ್ರೋಪಕರಣ ತಯಾರಿಸುವವರಿಗೆಂದೇ ಮೆಷಿನ್ ಟೂಲ್ ಪಾರ್ಕ್ ಬಂದದ್ದೂ ಇಲ್ಲಿಗೇ. 2014ರ ಸುಮಾರಿಗೆ ಕೊಂಡ ಯಂತ್ರದ ಜೊತೆ ವಿಂಡೋಸ್ 7 ಬಂದಿದ್ದರೆ, ಅದರ ಬೆಂಬಲವೂ 2020ರ ಜನವರಿ 14ಕ್ಕೆ ಮುಗಿಯಿತು. ಯಂತ್ರಕ್ಕೆ ಆಗ ಐದಾರು ವರ್ಷ, ಬ್ಯಾಂಕಿನ ಸಾಲದ ಕಂತೂ ತೀರಿರಲಿಕ್ಕಿಲ್ಲ.

ಹೊಸ ವಿಂಡೋಸನ್ನೇ ಹಾಕಿಕೊಳ್ಳಬಾರದೇಕೆ ಎಂದು ಕೇಳುವವರಿದ್ದಾರೆ. ಯಂತ್ರದ ತಂತ್ರಾಂಶ ಹಳೆಯ ವಿಂಡೋಸಿಗೆ ಬರೆದದ್ದು, ಒಳಗಿನ ಪಿಸಿಐ ಕಾರ್ಡಿಗೆ ಎಕ್ಸ್‌ಪಿಯ ಡ್ರೈವರ್ ಬಿಟ್ಟರೆ ಬೇರೆ ಇಲ್ಲ. ಯಂತ್ರ ಮಾರಿದ ಕಂಪನಿ ಹೊಸ ಆವೃತ್ತಿಗೆ ಕೇಳುವ ದುಡ್ಡು ಸಣ್ಣ ಶೆಡ್‌ಗೆ ಹೊರೆ, ಕೆಲವು ಸಲ ಆ ಕಂಪನಿಯೇ ಉಳಿದಿರುವುದಿಲ್ಲ. ಜಾಬ್ ವರ್ಕ್ ನಂಬಿ ಬದುಕುವವರಿಗೆ ಹಳೆಯ ಆಪರೇಟಿಂಗ್ ಸಿಸ್ಟಂ, ಅಂದರೆ ಓಎಸ್, ಹಠವಲ್ಲ, ಹೊಟ್ಟೆಪಾಡು.

ಅಡಚಣೆ ಎಲ್ಲಿದೆ ಎಂಬುದು ಇಸವಿಗಳನ್ನು ಜೋಡಿಸಿ ನೋಡಿದರೆ ತಿಳಿಯುತ್ತದೆ. ಓಎಸ್‌ಗೆ ಪ್ರತಿಯೊಂದು ಬಿಡಿಭಾಗದ ಜೊತೆ ವ್ಯವಹರಿಸಲು ಒಂದು ಡ್ರೈವರ್ ಬೇಕು. ಓಎಸ್ ಬಿಡುಗಡೆಯಾದಾಗ ಪ್ರಚಲಿತವಿದ್ದ ಭಾಗಗಳ ಡ್ರೈವರ್‌ಗಳು ಅದರ ಸಿಡಿಯಲ್ಲೇ ಇರುತ್ತವೆ. ಆಮೇಲೆ ಹುಟ್ಟಿದ ಭಾಗಗಳ ಸುದ್ದಿಯೇ ಅದಕ್ಕೆ ಗೊತ್ತಿರುವುದಿಲ್ಲ. ಎಕ್ಸ್‌ಪಿ ಬಂದದ್ದು 2001ರಲ್ಲಿ, ಸಾಟಾ ಡಿಸ್ಕುಗಳನ್ನು ನಡೆಸುವ ಎಎಚ್‌ಸಿಐ ವಿಧಾನ ಸಿದ್ಧವಾದದ್ದು 2004ರಲ್ಲಿ. ಹೀಗಾಗಿ ಎಕ್ಸ್‌ಪಿಯ ಸೆಟಪ್‌ಗೆ ಡಿಸ್ಕೇ ಕಾಣುವುದಿಲ್ಲ, ಇಲ್ಲವೇ 7ಬಿ ಎಂದು ಕೊನೆಗೊಳ್ಳುವ ಸಂಖ್ಯೆಯ ಬ್ಲೂ ಸ್ಕ್ರೀನ್ ಬಂದು ನಿಲ್ಲುತ್ತದೆ. ವಿಂಡೋಸ್ 7 ಬಂದದ್ದು 2009ರಲ್ಲಿ. ಈಗ ಹೆಚ್ಚಿನ ಪಿಸಿಗಳಲ್ಲಿ ಕೂತಿರುವ ಎನ್‌ವಿಎಂಇ ಡಿಸ್ಕಿನ ಮೊದಲ ನಿಯಮಾವಳಿ ಹೊರಬಿದ್ದದ್ದು 2011ರಲ್ಲಿ. ಯುಎಸ್‌ಬಿ 3ರ ನಿಯಮಾವಳಿ 2008ರದ್ದಾದರೂ ಅದರ ಡ್ರೈವರ್ ವಿಂಡೋಸ್ 7ರೊಳಗೆ ಸೇರಲಿಲ್ಲ.

ಈ ಯುಎಸ್‌ಬಿ ಸಂಗತಿ ಎಂಥ ಅನುಭವಿಯನ್ನೂ ದಾರಿ ತಪ್ಪಿಸುತ್ತದೆ. ಪೆನ್‌ಡ್ರೈವ್‌ನಿಂದ ವಿಂಡೋಸ್ 7 ಬೂಟ್ ಆಗುತ್ತದೆ, ಭಾಷೆ ಆರಿಸುವ ಪರದೆ ಬರುತ್ತದೆ, ಆದರೆ ಕೀಬೋರ್ಡ್ ಅಲುಗುವುದಿಲ್ಲ, ಮೌಸ್ ಸತ್ತಿರುತ್ತದೆ. ಹೇಗೋ ಮುಂದೆ ಹೋದರೆ, ಸಿಡಿ ಅಥವಾ ಡಿವಿಡಿ ಡ್ರೈವ್‌ನ ಡ್ರೈವರ್ ಇಲ್ಲ ಎಂಬ ಸೂಚನೆ. ಆ ಪಿಸಿಯಲ್ಲಿ ಸಿಡಿ ಡ್ರೈವೇ ಇರುವುದಿಲ್ಲ! ಪೆನ್‌ಡ್ರೈವ್ ಕೆಟ್ಟಿದೆಯೆಂದು ಬದಲಿಸುತ್ತಾರೆ, ಐಎಸ್‌ಒ ಕಡತ ಸರಿಯಿಲ್ಲವೆಂದು ಮತ್ತೆ ಇಳಿಸುತ್ತಾರೆ, ಇಡೀ ದಿನ ವ್ಯರ್ಥವಾಗುತ್ತದೆ. ನಿಜವಾದ ಕಾರಣ ಬೇರೆ. ಇಂಟೆಲ್ 2015ರ ಸ್ಕೈಲೇಕ್ ತಲೆಮಾರಿನಿಂದ ಹಳೆಯ ಯುಎಸ್‌ಬಿ 2 ನಿಯಂತ್ರಕವನ್ನು ಚಿಪ್‌ಸೆಟ್‌ನಿಂದ ತೆಗೆದುಹಾಕಿತು. ಪೆನ್‌ಡ್ರೈವ್, ಕೀಬೋರ್ಡ್, ಮೌಸ್ ಎಲ್ಲವೂ ವಿಂಡೋಸ್ 7ಕ್ಕೆ ಗುರುತಿಲ್ಲದ ಹೊಸ ನಿಯಂತ್ರಕದ ಮೇಲೆ ಕೂತುಬಿಟ್ಟವು. ಬೂಟ್ ಆಗುವವರೆಗೆ ಬಯಾಸ್ ಕೈಹಿಡಿಯುತ್ತದೆ. ವಿಂಡೋಸ್ ತಾನೇ ಹೊಣೆ ಹೊತ್ತುಕೊಂಡ ಕ್ಷಣ, ತನ್ನನ್ನು ಹೊತ್ತು ತಂದ ಪೆನ್‌ಡ್ರೈವನ್ನೇ ಅದು ಕಾಣದಾಗುತ್ತದೆ.

ಇದಕ್ಕೆ ಪರಿಹಾರವಿದೆ. ಸೆಟಪ್ ಕಡತಗಳ ಒಳಗಿರುವ ಬೂಟ್ ಡಾಟ್ ವಿಮ್ ಮತ್ತು ಇನ್‌ಸ್ಟಾಲ್ ಡಾಟ್ ವಿಮ್ ಎರಡಕ್ಕೂ ಯುಎಸ್‌ಬಿ 3 ಡ್ರೈವರನ್ನು ಮೊದಲೇ ಸೇರಿಸಬೇಕು. ಮೈಕ್ರೋಸಾಫ್ಟಿನದೇ ಆದ ಡಿಸ್ಮ್ ಎಂಬ ಸಲಕರಣೆಯಿಂದ ಇದು ಆಗುತ್ತದೆ. ಗಿಗಾಬೈಟ್‌ನಂಥ ಮದರ್‌ಬೋರ್ಡ್ ತಯಾರಕರು ಇದಕ್ಕೆಂದೇ ಚಿಕ್ಕ ತಂತ್ರಾಂಶ ಕೊಟ್ಟಿದ್ದರು. ಬೂಟ್ ಡಾಟ್ ವಿಮ್‌ಗೆ ಮಾತ್ರ ಸೇರಿಸಿ ಇನ್ನೊಂದನ್ನು ಮರೆತರೆ ಕಡತಗಳ ನಕಲು ಮುಗಿಯುತ್ತದೆ, ರೀಬೂಟ್ ಆದ ಮೇಲೆ ಮೌಸ್ ಮತ್ತೆ ಸಾಯುತ್ತದೆ. ಬೋರ್ಡಿನ ಹಿಂದೆ ಪಿಎಸ್/2 ಎಂಬ ದುಂಡನೆಯ ಕಿಂಡಿ ಇದ್ದರೆ ಹಳೆಯ ಕೀಬೋರ್ಡ್ ಸಿಕ್ಕಿಸಿ, ಅದು ಯುಎಸ್‌ಬಿಯ ಹಂಗಿಲ್ಲದೆ ಕೆಲಸ ಮಾಡುತ್ತದೆ. ಎನ್‌ವಿಎಂಇ ಡಿಸ್ಕಿಗಾಗಿ ಮೈಕ್ರೋಸಾಫ್ಟ್ ಕೆಬಿ2990941 ಎಂಬ ತೇಪೆ ಬಿಡುಗಡೆ ಮಾಡಿತ್ತು, ಅದನ್ನೂ ಹೀಗೆಯೇ ಒಳಸೇರಿಸಬೇಕು.

ವಿಂಡೋಸ್ ಒಳಗೆ ಬಂದ ಮೇಲೆ ಡಿವೈಸ್ ಮ್ಯಾನೇಜರ್ ತೆರೆದರೆ ಸಾಲಾಗಿ ಹಳದಿ ಗುರುತುಗಳು. ಕೆಲವಕ್ಕೆ 'ಅನ್‌ನೋನ್ ಡಿವೈಸ್' ಎಂದಷ್ಟೇ ಹೆಸರು. ಇಲ್ಲಿ ಊಹೆಗೆ ಕೆಲಸವಿಲ್ಲ, ಪ್ರತಿಯೊಂದಕ್ಕೂ ಅದರದೇ ಗುರುತಿನ ಸಂಖ್ಯೆಯಿದೆ. ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಅಲ್ಲಿಂದ ಡಿಟೇಲ್ಸ್, ಅದರೊಳಗೆ ಹಾರ್ಡ್‌ವೇರ್ ಐಡಿ. ಮೊದಲ ನಾಲ್ಕು ಅಂಕಿ ತಯಾರಕರದ್ದು: 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್, 10ಡಿಇ ಎನ್‌ವಿಡಿಯಾ, 1002 ಎಎಂಡಿ. ಮುಂದಿನ ನಾಲ್ಕು ಆ ಭಾಗದ್ದು. ಇಂಟೆಲ್‌ಗೆ 8086 ಬಂದದ್ದು 1978ರಲ್ಲಿ ಹೊರಬಂದ ಅದರ ಹೆಸರುವಾಸಿ ಚಿಪ್‌ನ ನೆನಪಿಗೆ. ತಯಾರಕರದ್ದು, ಭಾಗದ್ದು, ಈ ಎರಡು ಸಂಖ್ಯೆ ಬರೆದುಕೊಂಡು ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಲ್ಲಿ ಹುಡುಕಿದರೆ ಯಾವ ವಿಂಡೋಸ್‌ಗೆ ಯಾವ ಡ್ರೈವರ್ ಇದೆಯೆಂದು ಪಟ್ಟಿ ಸಿಗುತ್ತದೆ. ನನ್ನ ಮಟ್ಟಿಗೆ, ಐಟಿಐ ಮತ್ತು ಡಿಪ್ಲೊಮಾ ಓದುವ ಹುಡುಗರಿಗೆ ಮೊದಲ ವಾರವೇ ಕಲಿಸಬೇಕಾದ ವಿದ್ಯೆ ಇದು. ಹತ್ತು ನಿಮಿಷದ ಪಾಠ, ಉದ್ಯೋಗದುದ್ದಕ್ಕೂ ಉಪಯೋಗ.

ಮೊದಲು ಬೇಕಾದದ್ದು ನೆಟ್‌ವರ್ಕ್ ಡ್ರೈವರ್. ಅದಿಲ್ಲದೆ ಇಂಟರ್‌ನೆಟ್ ಇಲ್ಲ, ಇಂಟರ್‌ನೆಟ್ ಇಲ್ಲದೆ ಮಿಕ್ಕ ಡ್ರೈವರ್ ಇಲ್ಲ. ಆದ್ದರಿಂದ ಇನ್ನೊಂದು ಕಂಪ್ಯೂಟರಿನಲ್ಲಿ ಅದನ್ನು ಮುಂಚೆಯೇ ಇಳಿಸಿಟ್ಟುಕೊಳ್ಳಬೇಕು. ಸರಿಯಾದ ಡ್ರೈವರ್ ಹಾಕಿಯೂ ಕೋಡ್ 52 ಎಂಬ ತಕರಾರು ಬಂದರೆ ಡ್ರೈವರ್ ಮೇಲೆ ಸಿಟ್ಟಾಗಬೇಡಿ. ಹೊಸ ಡ್ರೈವರ್‌ಗಳ ಡಿಜಿಟಲ್ ಸಹಿ ಶಾ-2 ಎಂಬ ಪದ್ಧತಿಯದು, ಹಳೆಯ ವಿಂಡೋಸ್ 7ಕ್ಕೆ ಅದನ್ನು ಓದಲು ಬರುವುದಿಲ್ಲ. 2019ರಲ್ಲಿ ಬಂದ ಕೆಬಿ4474419 ಹಾಕಿದರೆ ಓದುತ್ತದೆ.

ಎಷ್ಟು ಹುಡುಕಿದರೂ ಸಿಗದ ಡ್ರೈವರ್‌ಗಳೂ ಇವೆ, ಬರೆದೇ ಇಲ್ಲದ್ದು ಸಿಗುವುದಾದರೂ ಹೇಗೆ? 2017ರಲ್ಲಿ ಮಾರುಕಟ್ಟೆಗೆ ಬಂದ ಎಎಂಡಿ ರೈಜನ್ ಮತ್ತು ಇಂಟೆಲ್‌ನ ಏಳನೇ ತಲೆಮಾರಿಗೆ ವಿಂಡೋಸ್ 10 ಮಾತ್ರ ಎಂದು ಮೈಕ್ರೋಸಾಫ್ಟ್ ಗೆರೆ ಎಳೆಯಿತು. ಅವುಗಳ ಮೇಲೆ ವಿಂಡೋಸ್ 7 ಓಡಿಸಿದವರಿಗೆ ಅಪ್‌ಡೇಟ್‌ಗಳನ್ನೂ ತಡೆಯಿತು. ಹಳೆಯ ಬಯಾಸ್‌ನಂತೆ ನಡೆದುಕೊಳ್ಳುವ ಸಿಎಸ್‌ಎಂ ಸೌಲಭ್ಯವೂ ಹೊಸ ಬೋರ್ಡುಗಳಿಂದ ಮರೆಯಾಗುತ್ತಿದೆ. ಅದಿಲ್ಲದಿದ್ದರೆ ವಿಂಡೋಸ್ 7 'ಸ್ಟಾರ್ಟಿಂಗ್ ವಿಂಡೋಸ್' ಎಂಬಲ್ಲೇ ನಿಂತುಬಿಡುತ್ತದೆ.

ಇದ್ದ ಡ್ರೈವರ್‌ಗಳೂ ಮಾಯವಾಗುತ್ತಿರುವುದು ನನಗೆ ಹೆಚ್ಚು ನೋವು ಕೊಡುವ ಸಂಗತಿ. 2019ರ ಕೊನೆಯಲ್ಲಿ ಇಂಟೆಲ್ ತನ್ನ ಹಳೆಯ ಬೋರ್ಡುಗಳ ಬಯಾಸ್ ಮತ್ತು ಡ್ರೈವರ್ ಕಡತಗಳನ್ನು ಜಾಲತಾಣದಿಂದ ತೆಗೆದುಹಾಕಿತು. ಆ ಕಡತಗಳು ಒಂದು ಕಂಪನಿಗೆ ಮೂಲೆಯಲ್ಲಿ ಬಿದ್ದ ಕೆಲವು ಜಿಬಿ. ಅವನ್ನು ನೆಚ್ಚಿದ ಯಂತ್ರದ ಮಾಲೀಕರಿಗೆ ಉತ್ಪಾದನೆಯೇ ಅವುಗಳ ಮೇಲೆ ನಿಂತಿದೆ. ಬೆಂಬಲ ನಿಲ್ಲಿಸುವುದು ಕಂಪನಿಯ ಹಕ್ಕು, ಒಪ್ಪೋಣ. ಮಾರಿದ ವಸ್ತುವಿನ ಡ್ರೈವರನ್ನು ಅಳಿಸುವುದು ಒಪ್ಪುವಂಥದ್ದಲ್ಲ. ಉತ್ಸಾಹಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಕೂಡಿಟ್ಟಿರುವುದರಿಂದ ಎಷ್ಟೋ ಉಳಿದಿವೆ. 'ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ' ಎನ್ನುವ ಜಾಹೀರಾತಿನ ತಾಣಗಳಿಂದ ಮಾತ್ರ ದೂರವಿರಿ, ಬೇಡದ ತಂತ್ರಾಂಶ, ಕೆಲವೊಮ್ಮೆ ವೈರಸ್ಸೇ ಜೊತೆಗೆ ಬರುತ್ತದೆ.

ಸಿಎನ್‌ಸಿ ಕೆಲಸಗಾರರಿಗೆ ಇನ್ನೊಂದು ಕಾಟ ಗೊತ್ತು. ಯಂತ್ರಕ್ಕೆ ಪ್ರೋಗ್ರಾಂ ಕಳಿಸುವುದು ಆರ್‌ಎಸ್-232 ಸೀರಿಯಲ್ ಪೋರ್ಟಿನಿಂದ, ಹೊಸ ಪಿಸಿಯಲ್ಲಿ ಆ ಪೋರ್ಟಿಲ್ಲ. ಯುಎಸ್‌ಬಿಯಿಂದ ಸೀರಿಯಲ್‌ಗೆ ಹೋಗುವ ಕೇಬಲ್ ತರುತ್ತಾರೆ, ಡಿವೈಸ್ ಮ್ಯಾನೇಜರ್ ಕೋಡ್ 10 ತೋರಿಸುತ್ತದೆ. ಪ್ರೊಲಿಫಿಕ್ ಕಂಪನಿಯ ಹೊಸ ಡ್ರೈವರ್‌ಗಳು ತನ್ನದೇ ಹಳೆಯ ಚಿಪ್‌ಗಳನ್ನೂ ನಕಲಿಗಳನ್ನೂ ನಿರಾಕರಿಸುತ್ತವೆ, ಹಳೆಯ ಡ್ರೈವರ್ ಹಾಕಿದರೆ ಅದೇ ಕೇಬಲ್ ನಡೆಯುತ್ತದೆ. 2014ರಲ್ಲಿ ಎಫ್‌ಟಿಡಿಐ ಕಂಪನಿಯ ಡ್ರೈವರ್ ಒಂದು ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಅಳಿಸಿ ಅವನ್ನು ನಿರುಪಯೋಗಿ ಮಾಡಿತ್ತು. ವಿಂಡೋಸ್ ಅಪ್‌ಡೇಟ್ ಮೂಲಕ ತಾನಾಗಿ ಬಂದ ಡ್ರೈವರ್ ಅದು, ಗದ್ದಲವಾದ ಮೇಲೆ ಹಿಂತೆಗೆದುಕೊಂಡರು. ನಕಲಿಯೆಂದು ಅರಿಯದೆ ಕೇಬಲ್ ಕೊಂಡವರಿಗೆ ಬಿದ್ದ ಪೆಟ್ಟು ಅದು. ಸ್ವಲ್ಪ ಹೆಚ್ಚು ಕೊಟ್ಟರೂ ಪಿಸಿಐ ಎಕ್ಸ್‌ಪ್ರೆಸ್‌ನ ಸೀರಿಯಲ್ ಕಾರ್ಡ್ ಒಳ್ಳೆಯದು, ನಿಮ್ಮ ಓಎಸ್‌ಗೆ ಅದರ ಡ್ರೈವರ್ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿ.

ಕಾರ್ಖಾನೆಗಳಾಚೆಗೂ ಇದೇ ಪಾಡು. ಯಡಿಯೂರು ಜಾತ್ರೆಯ ಕರಪತ್ರವೋ ಗುಬ್ಬಿಯ ಮದುವೆ ಕಾರ್ಡೋ, ಸಣ್ಣ ಊರಿನ ಪ್ರೆಸ್‌ಗಳಲ್ಲಿ ಕನ್ನಡದ ಪುಟಗಳು ಬಹುಕಾಲ ಸಿದ್ಧವಾದದ್ದು ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ತಿಳಿಯದು. ಇಪ್ಪತ್ತು ವರ್ಷದ ಕಡತಗಳು ಅದರಲ್ಲೇ ಇವೆ. ಡಿಟಿಪಿ ಮಾಡುವವರು ವಿಂಡೋಸ್ 7 ಬೇಕೇ ಬೇಕು ಎನ್ನುವುದು ಇದಕ್ಕೆ.

ಇಂಥವರಿಗೆ ನನ್ನ ಸಲಹೆ ಖಚಿತ: ಹೊಸ ಪಿಸಿಗೆ ಹಳೆಯ ಓಎಸ್ ನೇರವಾಗಿ ಹಾಕಲು ಹೋಗಬೇಡಿ, ವರ್ಚುವಲ್ ಮೆಷಿನ್ ಬಳಸಿ. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಹೊಸ ಕಂಪ್ಯೂಟರಿನೊಳಗೆ ಒಂದು ಹಳೆಯ ಕಂಪ್ಯೂಟರನ್ನು ಕಟ್ಟಿಕೊಡುತ್ತದೆ. ಅದರ ಡಿಸ್ಕ್ ಹಳೆಯ ಐಡಿಇ, ನೆಟ್‌ವರ್ಕ್ ಕಾರ್ಡೂ ಆ ಕಾಲದ್ದೇ. ಎಕ್ಸ್‌ಪಿ ತನಗೆ ಗೊತ್ತಿರುವ ಭಾಗಗಳನ್ನು ಕಂಡು ಸುಮ್ಮನೆ ಇನ್‌ಸ್ಟಾಲ್ ಆಗುತ್ತದೆ. ತಂತ್ರಾಂಶದ ಲೈಸೆನ್ಸಿಗೆ ಯುಎಸ್‌ಬಿ ಡಾಂಗಲ್ ಇದ್ದರೆ ಅದನ್ನೂ ಒಳಕ್ಕೆ ದಾಟಿಸಬಹುದು.

ಯಂತ್ರಕ್ಕೆ ಜೋಡಿಸುವ ಪಿಸಿಐ ಕಾರ್ಡ್ ಇದ್ದರೆ ಸಾಮಾನ್ಯವಾಗಿ ಈ ದಾರಿ ನಡೆಯದು. ಅಲ್ಲಿ ಬೇಕಾದದ್ದು ಹೊಸದಲ್ಲ, ಸರಿಯಾದ ವಯಸ್ಸಿನ ಕಂಪ್ಯೂಟರ್. ಇಂಟೆಲ್‌ನ ಎರಡು ಮತ್ತು ಮೂರನೇ ತಲೆಮಾರಿನ ಗ್ರಾಫಿಕ್ಸ್‌ಗೂ ಎಕ್ಸ್‌ಪಿ ಡ್ರೈವರ್ ಇತ್ತು. ವಿಂಡೋಸ್ 7ಕ್ಕೆ ನಾಲ್ಕನೇ ತಲೆಮಾರು ತೊಂದರೆಯಿಲ್ಲದ್ದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇಂಥ ಪಿಸಿಗಳನ್ನು ಹುಡುಕಬಹುದು. ಕೊಳ್ಳುವಾಗ ಪಿಸಿಐ ಸ್ಲಾಟ್ ಇದೆಯೇ ನೋಡಿ, ಸಾಧ್ಯವಾದರೆ ಎರಡು ತನ್ನಿ. ಒಂದನ್ನು ಸಿದ್ಧಪಡಿಸಿ ಕಪಾಟಿನಲ್ಲಿಡಿ.

ಹಳೆಯ ಓಎಸ್ ಇಟ್ಟುಕೊಂಡವರು, ಡ್ರೈವರ್‌ಗಳನ್ನು ಹಾಕಿ ಮುಗಿದ ಮೇಲೆ, ಅದನ್ನು ಇಂಟರ್‌ನೆಟ್‌ನಿಂದಲೂ ಹೊರಗಿನ ಪೆನ್‌ಡ್ರೈವ್‌ಗಳಿಂದಲೂ ದೂರವಿಡಲೇಬೇಕು. 2018ರ ಆಗಸ್ಟ್‌ನಲ್ಲಿ ಜಗತ್ತಿನ ಅತಿ ದೊಡ್ಡ ಗುತ್ತಿಗೆ ಚಿಪ್ ತಯಾರಕ, ತೈವಾನಿನ ಟಿಎಸ್‌ಎಂಸಿ, ಹೊಸ ಯಂತ್ರವೊಂದನ್ನು ವೈರಸ್ ತಪಾಸಣೆ ಮಾಡದೆ ಜೋಡಿಸಿತು. ತೇಪೆ ಹಾಕದ ವಿಂಡೋಸ್ 7 ಯಂತ್ರಗಳಿಗೆ ವನ್ನಾಕ್ರೈನ ತಳಿಯೊಂದು ಹರಡಿ ಕಾರ್ಖಾನೆಗಳ ಉತ್ಪಾದನೆಗೆ ಪೆಟ್ಟು ಬಿತ್ತು. ಅಂಥ ಕಂಪನಿಗೇ ಹೀಗಾದ ಮೇಲೆ, ಆಪರೇಟರ್ ಹಾಡು ತುಂಬಿಕೊಂಡು ಬಂದ ಪೆನ್‌ಡ್ರೈವ್‌ಗೆ ನಮ್ಮ ಶೆಡ್‌ನ ಪಿಸಿ ತಡೆಯುತ್ತದೆಯೇ?

ಈಗ ವಿಂಡೋಸ್ 10ರ ಸರದಿ. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ಕಾರ್ಖಾನೆಗಳಿಗೆಂದು ಇರುವ ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021 ಎಂಬ ಆವೃತ್ತಿಗೆ 2032ರ ಜನವರಿವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಹೊಸ ಯಂತ್ರ ಕೊಳ್ಳುವವರು ಇದನ್ನೇ ಕೇಳಿ ಪಡೆಯಬಹುದು. ಡ್ರೈವರ್ ಕೂಡಿಡಲು ಇದು ಸುಸಮಯ. ಯಂತ್ರದ ಪಿಸಿ ಚೆನ್ನಾಗಿ ಓಡುತ್ತಿರುವಾಗಲೇ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಎನ್‌ಪಿಯುಟಿಲ್‌ನ ಎಕ್ಸ್‌ಪೋರ್ಟ್ ಡ್ರೈವರ್ ಆಜ್ಞೆ ಕೊಟ್ಟರೆ, ವಿಂಡೋಸ್ ಜೊತೆಗೆ ಬಾರದೆ ಹೊರಗಿನಿಂದ ಹಾಕಿದ ಡ್ರೈವರ್‌ಗಳೆಲ್ಲ ಒಂದು ಫೋಲ್ಡರಿಗೆ ಬರುತ್ತವೆ. ವಿಂಡೋಸ್ 7ರಲ್ಲಿ ಈ ಸೌಲಭ್ಯವಿಲ್ಲ, ಅಲ್ಲಿ ಡ್ರೈವರ್‌ಸ್ಟೋರ್ ಫೋಲ್ಡರನ್ನೇ ನಕಲು ಮಾಡಿಕೊಳ್ಳಬೇಕು. ಜೊತೆಗೆ ಡಿಸ್ಕಿನ ಪೂರ್ತಿ ಇಮೇಜ್, ತಂತ್ರಾಂಶದ ಸೆಟಪ್, ಲೈಸೆನ್ಸ್ ಕೀ, ಬಯಾಸ್ ಪರದೆಗಳ ಫೋಟೊ. ಎರಡು ಕಡೆ ಇಡಿ, ಒಂದು ಕಾರ್ಖಾನೆಯಲ್ಲಿ, ಇನ್ನೊಂದು ಮನೆಯಲ್ಲಿ. ಯಂತ್ರದ ಆರ್ಡರ್ ಪತ್ರದಲ್ಲಿ ಡೆಲಿವರಿ, ವಾರಂಟಿ, ಎಎಂಸಿಗಳ ಸಾಲಿನಲ್ಲೇ 'ಎಲ್ಲ ಡ್ರೈವರ್‌ಗಳು ಮತ್ತು ರಿಕವರಿ ಇಮೇಜ್ ಒದಗಿಸತಕ್ಕದ್ದು' ಎಂದೂ ಸೇರಿಸಿ. ಅದು ಕೈಸೇರುವವರೆಗೆ ಕೊನೆಯ ಕಂತು ತಡೆಹಿಡಿಯುವ ಷರತ್ತನ್ನು ಅದೇ ಪತ್ರದಲ್ಲಿ ಬರೆಸಿಕೊಳ್ಳಿ.