ಕಂಬ ಎರಡಾಗದಂತೆ ಕ್ಯಾಮೆರಾ ತಿರುಗಿಸುವುದು ಹೇಗೆ?

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗಿ ಮೊಬೈಲಿನಲ್ಲಿ ಪನೋರಮಾ ಮೋಡ್ ಒತ್ತಿ ಒಂದು ಸುತ್ತು ತಿರುಗದವರು ನಮ್ಮ ಕಾಲೇಜಿನಲ್ಲಿ ಕಡಿಮೆ. ನಾವೂ ತಿರುಗಿದ್ದೆವು. ಹೊರಗೆ ಅಂಗಳದಲ್ಲಿ ತೆಗೆದದ್ದು ಚೆನ್ನಾಗೇ ಬಂತು. ಭೈರಾದೇವಿ ಮಂಟಪದೊಳಗೆ ತೆಗೆದದ್ದರಲ್ಲಿ ಮಾತ್ರ ಒಂದು ಕಂಬಕ್ಕೆ ಸೊಂಟವೇ ಇಲ್ಲ, ಪಕ್ಕದ ಕಂಬ ಎರಡು ಸಲ ಬಂದು ನಿಂತಿದೆ! 1430ರ ಬಸದಿ ಅದು. ಕಟ್ಟಿದವರು ಕಂಬಗಳನ್ನು ನೆಟ್ಟಗೇ ನಿಲ್ಲಿಸಿದ್ದಾರೆ, ಸೊಟ್ಟಗಾದದ್ದು ನಮ್ಮ ಕೈ.

ಕಾರಣ ತಿಳಿಯಲು ಲ್ಯಾಬ್ ಬೇಡ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜಿಗಿಯುತ್ತದೆ. ಇದೇ ಪ್ಯಾರಲಾಕ್ಸ್. ಕೈಯಲ್ಲಿ ಹಿಡಿದ ಕ್ಯಾಮೆರಾ ನಮ್ಮ ದೇಹದ ಸುತ್ತ ತಿರುಗುತ್ತದೆಯೇ ಹೊರತು ತನ್ನ ಸುತ್ತ ತಾನು ತಿರುಗುವುದಿಲ್ಲ. ಹಾಗಾಗಿ ಪ್ರತಿ ಫೋಟೋಗೂ ನೋಡುವ ಜಾಗ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಹತ್ತಿರದ ಕಂಬಕ್ಕೂ ದೂರದ ಗೋಡೆಗೂ ಇರುವ ಸಂಬಂಧ ಫೋಟೋದಿಂದ ಫೋಟೋಗೆ ಬದಲಾದರೆ ಜೋಡಿಸುವ ಸಾಫ್ಟ್‌ವೇರ್ ಪಾಪ ಏನು ಮಾಡೀತು?

ಲೆಕ್ಕ ಹಾಕಿ ನೋಡೋಣ. ಕ್ಯಾಮೆರಾ ತಿರುಗುವ ಅಕ್ಷಕ್ಕೂ ಲೆನ್ಸು ನಿಜವಾಗಿ 'ನೋಡುವ' ಬಿಂದುವಿಗೂ 10 ಸೆಂ.ಮೀ. ಅಂತರ ಇದೆ ಅಂದುಕೊಳ್ಳಿ. 30 ಡಿಗ್ರಿ ತಿರುಗಿಸಿದರೆ ಆ ಬಿಂದು 5.2 ಸೆಂ.ಮೀ. ಸರಿಯುತ್ತದೆ. ಕಂಬ 1 ಮೀಟರ್ ದೂರ, ಗೋಡೆ 6 ಮೀಟರ್ ದೂರ ಇದ್ದರೆ ಎರಡರ ನಡುವೆ ಸುಮಾರು 2.5 ಡಿಗ್ರಿ ವ್ಯತ್ಯಾಸ ಬೀಳುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ, 18 ಮಿ.ಮೀ. ಲೆನ್ಸಿನಲ್ಲಿ ಇದು ಹತ್ತಿರ ಹತ್ತಿರ 200 ಪಿಕ್ಸೆಲ್. ಅಂತರವನ್ನು 5 ಮಿ.ಮೀ.ಗೆ ಇಳಿಸಿದರೆ ತಪ್ಪು 10 ಪಿಕ್ಸೆಲ್ಲಿಗೆ ಬರುತ್ತದೆ, ಅಷ್ಟನ್ನು ಸಾಫ್ಟ್‌ವೇರ್ ಮುಚ್ಚಿಹಾಕುತ್ತದೆ. ಅದೇ ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ನಿಂತು ಸುತ್ತಲಿನ ಘಟ್ಟ ತೆಗೆಯುವಾಗ ಎಲ್ಲವೂ ದೂರವೇ. ಅಲ್ಲಿ ಬರಿಗೈ ಸಾಕು, ಟ್ರೈಪಾಡ್ ಹೊತ್ತು ಆ ಮೆಟ್ಟಿಲು ಹತ್ತಬೇಡಿ. ಕಷ್ಟ ಇರುವುದೆಲ್ಲ ಒಳಾಂಗಣದಲ್ಲೇ.

ಆ 'ನೋಡುವ ಬಿಂದು' ಎಲ್ಲಿದೆ? ಲೆನ್ಸಿನ ಮುಂಭಾಗದಿಂದ ಇಣುಕಿದರೆ ಅಪರ್ಚರ್ ರಂಧ್ರ ಒಳಗೆಲ್ಲೋ ಇರುವಂತೆ ಕಾಣುತ್ತದಲ್ಲ, ಅಲ್ಲಿ. ಹೆಸರು ಎಂಟ್ರೆನ್ಸ್ ಪ್ಯೂಪಿಲ್. ಫೋಟೋಗ್ರಾಫರುಗಳು ನೋಡಲ್ ಪಾಯಿಂಟ್ ಅನ್ನುತ್ತಾರೆ. ಹೆಸರು ತಪ್ಪು, ಆದರೆ ಅಂಗಡಿಯಲ್ಲಿ ಕೇಳುವಾಗ ಅದನ್ನೇ ಹೇಳಿ, ಇಲ್ಲದಿದ್ದರೆ ಅವರಿಗೆ ಅರ್ಥವಾಗುವುದಿಲ್ಲ. ಈ ಬಿಂದು ಟ್ರೈಪಾಡಿನ ಅಕ್ಷದ ಮೇಲೇ ಬರುವಂತೆ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ ಕೂರಿಸುವ ಸಾಧನವೇ ಪನೋರಮಾ ಹೆಡ್. ಕೊಳ್ಳುವ ದುಡ್ಡು ನಮ್ಮಲ್ಲಿರಲಿಲ್ಲ. ವರ್ಕ್‌ಶಾಪಿನ ಅಲ್ಯೂಮಿನಿಯಂ ಪಟ್ಟಿ ಎರಡು, ಸೀಳು ಕೊರೆದು ಬೋಲ್ಟು, ಕೆಳಗೆ 30 ಡಿಗ್ರಿಗೊಂದು ಗೀಟು ಹಾಕಿದ ಪ್ರಿಂಟೌಟು ಅಂಟಿಸಿದ ಪ್ಲೈವುಡ್ ಚಕ್ರ. ನೋಡಲು ಚಂದ ಇಲ್ಲ, ಅಲ್ಲಾಡುವುದಿಲ್ಲ ಅಷ್ಟೆ.

ಹೊಂದಿಸುವ ಕೆಲಸವನ್ನು ಬಸದಿಯಲ್ಲಿ ಮಾಡುವುದಲ್ಲ ಮಾರಾಯ್ರೇ, ಹಾಸ್ಟೆಲ್ಲಿನಲ್ಲೇ ಮುಗಿಸಿ ಹೋಗಬೇಕು. ನಾವು ಮಾಡಿದ್ದು ಮೆಸ್ಸಿನಲ್ಲಿ. ಮೊದಲು ಟ್ರೈಪಾಡನ್ನು ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಿ. ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿ, ನೇರ ಕೆಳಕ್ಕೆ ಮುಖ ಮಾಡಿ. ತಿರುಗಿಸಿದಾಗ ಫ್ರೇಮಿನ ನಡುಬಿಂದು ಅಕ್ಷದ ಬೋಲ್ಟಿನ ಮೇಲೇ ನಿಲ್ಲಬೇಕು. ಎಡ-ಬಲ ಸರಿಯಾಯಿತು. ಇನ್ನು ಹಿಂದು-ಮುಂದು. ಅರ್ಧ ಮೀಟರ್ ದೂರದಲ್ಲಿ ಒಂದು ಹಿಡಿಸೂಡಿಯ ಕಡ್ಡಿ ನಿಲ್ಲಿಸಿ, ಅದರ ನೇರಕ್ಕೆ ದೂರದ ಬಾಗಿಲ ಚೌಕಟ್ಟು ಬರಲಿ. ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದಾಗ ಕಡ್ಡಿ ಚೌಕಟ್ಟಿನ ಎಡಕ್ಕೆ ಸರಿದರೆ ಲೆನ್ಸು ಅಕ್ಷಕ್ಕಿಂತ ಮುಂದಿದೆ, ಹಿಂದಕ್ಕೆ ತಳ್ಳಿ. ಬಲಕ್ಕೆ ಸರಿದರೆ ಮುಂದಕ್ಕೆ. ಎಷ್ಟು ತಿರುಗಿಸಿದರೂ ಕಡ್ಡಿ ಚೌಕಟ್ಟಿಗೆ ಅಂಟಿದಂತೆ ನಿಂತಾಗ ಪಟ್ಟಿಯ ಮೇಲೆ ಗೀಟು ಹಾಕಿ. ಝೂಮ್ ಬದಲಿಸಿದರೆ ಈ ಜಾಗವೂ ಬದಲಾಗುತ್ತದೆ. ಅದಕ್ಕೇ ಝೂಮ್ ರಿಂಗಿಗೆ ಟೇಪ್ ಸುತ್ತಿ. ನಾವು ಸುತ್ತದೆ ಒಂದು ಮಧ್ಯಾಹ್ನವನ್ನೇ ಕಳೆದುಕೊಂಡೆವು.

ಎಷ್ಟು ಫೋಟೋ ಬೇಕು? ನಮ್ಮಲ್ಲಿರುವ 22.3 × 14.9 ಮಿ.ಮೀ. ಸೆನ್ಸರಿನಲ್ಲಿ, 18 ಮಿ.ಮೀ.ಗೆ, ಉದ್ದಕ್ಕೆ ನಿಲ್ಲಿಸಿದ ಕ್ಯಾಮೆರಾ ಅಡ್ಡಕ್ಕೆ 45 ಡಿಗ್ರಿ ನೋಡುತ್ತದೆ, ಮೇಲೆ-ಕೆಳಗೆ 63. ಮೂರನೇ ಒಂದು ಭಾಗ ಒಂದರ ಮೇಲೊಂದು ಬರಬೇಕೆಂದರೆ 30 ಡಿಗ್ರಿಗೊಂದು, ಸುತ್ತಿಗೆ 12. ನೇರ ಒಂದು ಸುತ್ತು, 45 ಡಿಗ್ರಿ ಮೇಲಕ್ಕೆ ಒಂದು, ಕೆಳಕ್ಕೆ ಒಂದು. ಕೊನೆಗೆ ಛಾವಣಿಗೊಂದು, ನೆಲಕ್ಕೊಂದು. ಒಟ್ಟು 38. ಫಿಶ್‌ಐ ಲೆನ್ಸ್ ಇದ್ದವರಿಗೆ ಇದರ ಕಾಲು ಭಾಗವೂ ಬೇಡ.

ಎಲ್ಲವೂ ಮ್ಯಾನುಯಲ್ ಇರಲಿ: ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್. ಒಂದನ್ನು ಆಟೋಗೆ ಬಿಟ್ಟರೂ ಗೋಡೆ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ. ಎಫ್ 8ರಲ್ಲಿ 2 ಮೀಟರ್ ಚಿಲ್ಲರೆ ದೂರಕ್ಕೆ ಫೋಕಸ್ ಮಾಡಿದರೆ ಒಂದು ಮೀಟರಿನಿಂದ ಆಚೆ ಎಲ್ಲವೂ ಸ್ಪಷ್ಟ. ಐಎಸ್‌ಒ 100. ಟ್ರೈಪಾಡಿನ ಮೇಲಿರುವಾಗ ಲೆನ್ಸಿನ ಸ್ಟೆಬಿಲೈಸರ್ ಆಫ್. ಫ್ಲ್ಯಾಶ್ ಬೇಡವೇ ಬೇಡ.

ಬಸದಿಯಂಥ ಜಾಗದಲ್ಲಿ ಬೆಳಕೇ ದೊಡ್ಡ ತಲೆನೋವು. ಬಾಗಿಲ ಆಚೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಹೋದಂತೆ ಕಲ್ಲಿನ ಕತ್ತಲು. ಒಂದೇ ಎಕ್ಸ್‌ಪೋಷರಿನಲ್ಲಿ ಎರಡೂ ಸಿಗುವುದಿಲ್ಲ. ಅದಕ್ಕೆ ಪ್ರತಿ ದಿಕ್ಕಿಗೂ ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು: 38 ಹೋಗಿ 114 ಆಯಿತು. ಬಾಗಿಲಿನ ಕಡೆಯನ್ನು ಮೊದಲು, ಬೇಗ ಬೇಗ ತೆಗೆಯಿರಿ. ನಮ್ಮೂರ ಮೋಡ ಯಾರಿಗೂ ಕಾಯುವುದಿಲ್ಲ. ಮಧ್ಯೆ ಭಕ್ತರು ಬಂದರೆ ಕಾಯುವವರು ನಾವು. ಅವರನ್ನು "ಸ್ವಲ್ಪ ನಿಲ್ಲಿ" ಅನ್ನುವ ಹಕ್ಕು ನಮಗಿಲ್ಲ.

ಇಲ್ಲೊಂದು ವಿಷಯ ಮೊದಲೇ ಯೋಚಿಸಬೇಕು. ಸಾಮಾನ್ಯ ಫೋಟೋದಲ್ಲಿ ಬೇಡದ್ದನ್ನು ಫ್ರೇಮಿನಿಂದ ಹೊರಗಿಡಬಹುದು. 360 ಡಿಗ್ರಿಯಲ್ಲಿ ಹೊರಗೆ ಅನ್ನುವುದೇ ಇಲ್ಲ. ಮಂಟಪದ ಕಂಬ ತೆಗೆಯುತ್ತೇವೆ ಅಂದುಕೊಂಡು ನಿಂತರೂ ಗರ್ಭಗುಡಿಯ ದಿಕ್ಕು ಬಂದೇ ಬರುತ್ತದೆ. ಆದ್ದರಿಂದ ಅನುಮತಿ ಕೇಳುವಾಗ "ಫೋಟೋ ತೆಗೆಯಬಹುದಾ?" ಅಂದರೆ ಸಾಲದು. "ಸುತ್ತಲೂ ಎಲ್ಲವೂ ಬರುತ್ತದೆ, ಯಾವುದು ಬರಬಾರದು ಹೇಳಿ" ಅನ್ನಬೇಕು. ಬೇಡ ಅಂದ ದಿಕ್ಕನ್ನು ತೆಗೆಯದೆ ಬಿಡಿ. 360ರ ಬದಲು 240 ಡಿಗ್ರಿಯ ಚಿತ್ರವಾದರೆ ನಷ್ಟವೇನಿಲ್ಲ. ಟ್ರೈಪಾಡಿನ ಕಾಲಿಗೆ ರಬ್ಬರ್ ಬೂಟು ಇರಲಿ. ಹಳೇ ಕಲ್ಲಿನ ಮೇಲೆ ಬಿದ್ದ ಗೀರು ಅಳಿಸುವುದಿಲ್ಲ.

ವಸ್ತುಸಂಗ್ರಹಾಲಯಗಳ ಕಷ್ಟ ಬೇರೆ. ಬಂಟ್ವಾಳದ ಬಿ.ಸಿ. ರೋಡಿನಲ್ಲಿರುವ ತುಳು ಬದುಕು ವಸ್ತುಸಂಗ್ರಹಾಲಯದಂಥ ಜಾಗದಲ್ಲಿ ವಸ್ತುಗಳೆಲ್ಲ ಕೈಗೆಟಕುವಷ್ಟು ಹತ್ತಿರ. ಕಾಲು ಮೀಟರಿನಲ್ಲಿ ಪಾತ್ರೆ, ಅದರ ಹಿಂದೆ ನೊಗ. ಇಂಥಲ್ಲಿ 5 ಮಿ.ಮೀ. ಕೂಡ ಜಾಸ್ತಿ, ಗೀಟಿನ ಮೇಲೇ ನಿಲ್ಲಬೇಕು. ಗಾಜಿನ ಪೆಟ್ಟಿಗೆ ಇದ್ದರೆ ಅದರಲ್ಲಿ ಕಾಣುವುದು ನೀವೇ. ಕಪ್ಪು ಅಂಗಿ ಹಾಕಿಕೊಂಡು ಹೋಗಿ, ಟೈಮರ್ ಒತ್ತಿ ಪಕ್ಕಕ್ಕೆ ಸರಿಯಿರಿ.

ಜೋಡಿಸಲು ಹ್ಯೂಗಿನ್ ಸಾಕು, ಉಚಿತ. ನೆಲದ ಫೋಟೋದಲ್ಲಿ ಟ್ರೈಪಾಡಿನ ಕಾಲೇ ಬಂದಿರುತ್ತದೆ. ಟ್ರೈಪಾಡನ್ನು ಎತ್ತಿ, ಅದೇ ಜಾಗವನ್ನು ಕೈಯಲ್ಲಿ ಇನ್ನೊಮ್ಮೆ ತೆಗೆದು ತೇಪೆ ಹಾಕಬಹುದು. ನೆಲ ಸಪಾಟಾದ್ದರಿಂದ ಅಲ್ಲಿ ಪ್ಯಾರಲಾಕ್ಸಿನ ಕಾಟ ಇಲ್ಲ. ಪೂರ್ತಿ ಚಿತ್ರ ಸುಮಾರು 30,000 ಪಿಕ್ಸೆಲ್ ಉದ್ದ, 15,000 ಎತ್ತರ ಬರುತ್ತದೆ. ಹಾಸ್ಟೆಲ್ಲಿನ 8 ಜಿಬಿ ಲ್ಯಾಪ್‌ಟಾಪು ಉಸಿರುಗಟ್ಟುತ್ತದೆ. ಮೊದಲು ಕಾಲು ಗಾತ್ರಕ್ಕೆ ಇಳಿಸಿ ಜೋಡಿಸಿ, ಕಂಬಗಳನ್ನು ಒಂದೊಂದಾಗಿ ಝೂಮ್ ಮಾಡಿ ನೋಡಿ. ಎಲ್ಲಕ್ಕೂ ಸೊಂಟ ಇದ್ದರೆ ಪೂರ್ತಿ ಗಾತ್ರಕ್ಕೆ ಹಾಕಿ ಊಟಕ್ಕೆ ಹೋಗಿ ಬನ್ನಿ.