ಚಹಾದಲ್ಲಿ ಬೆಂದ ಬೇರಿಕಾಯಿ

ನೀಲಗಿರಿಯಲ್ಲಿ ಚಹಾ ಬೆಳೆಯುವಂತೆ ಬೇರಿಕಾಯಿಯೂ ಬೆಳೆಯುತ್ತದೆ. ಕಾಸರಗೋಡಿನವರ ಪೇರಳೆ, ಸೊಲ್ಲಾಪುರದವರ ಪೇರಲ ಎಂದರೆ ಸೀಬೆಹಣ್ಣು. ಇದು ಅದಲ್ಲ, ಇಂಗ್ಲಿಷಿನವರ ಪೇರ್. ನಾಟಿ ಕಾಯಿ ಬಲು ಗಟ್ಟಿ. ಹಲ್ಲು ಬಿದ್ದ ಹಿರಿಯರು ಮುಟ್ಟಿ ನೋಡಿ ಕೆಳಗಿಡುತ್ತಾರೆ. ಅಂಥವರಿಗೂ ತಿನ್ನಲು ಬರುವಂತೆ ಮಾಡುವ ಕ್ರಮ ಹೀಗಿದೆ.

ಕುದಿಯುವ 2 ಲೋಟ ನೀರಿಗೆ 2 ಚಮಚ ಚಹಾಪುಡಿ ಹಾಕಿ, ಒಲೆ ಆರಿಸಿ, 4 ನಿಮಿಷಕ್ಕೆ ಸೋಸಿರಿ. ಪುಡಿಯನ್ನು ಕಾಯಿಯೊಡನೆ ಕುದಿಸಿದರೆ ಒಗರು ಏರುತ್ತದೆ. ಹಾಲು ಬೇಡ, ಒಡೆದೀತು. ಸೋಸಿದ ಚಹಾಕ್ಕೆ 4 ಚಮಚ ಸಕ್ಕರೆ, ಒಂದು ತುಂಡು ದಾಲ್ಚಿನ್ನಿ, 2 ಲವಂಗ, 3 ಏಲಕ್ಕಿ, ಜಜ್ಜಿದ ಶುಂಠಿ ಸೇರಿಸಿ. ಸಿಪ್ಪೆ ತೆಗೆದು ಸೀಳಿದ 3 ಕಾಯಿಗಳನ್ನು ಅದರಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿಡಿ. ಕಾಯಿಯನ್ನು ಬಿಗಿಯಾಗಿ ಹಿಡಿದಿರುವ ಪೆಕ್ಟಿನ್ ಎಂಬ ಅಂಟು ಬಿಸಿಗೆ ನಿಧಾನವಾಗಿ ಸಡಿಲವಾಗುತ್ತದೆ. ಉರಿ ಜೋರಾದರೆ ಅಂಚು ಕರಗುತ್ತದೆ, ನಡು ಮಾತ್ರ ಗಟ್ಟಿಯಾಗಿಯೇ ಉಳಿಯುತ್ತದೆ. 20ರಿಂದ 30 ನಿಮಿಷದಲ್ಲಿ ಚಾಕು ಸಲೀಸಾಗಿ ಇಳಿದರೆ ಬೆಂದಿತು. ಕಾಯಿ ತೆಗೆದಿಟ್ಟು, ರಸವನ್ನು ಅರ್ಧಕ್ಕೆ ಇಂಗಿಸಿ ಮೇಲೆ ಸುರಿದು, ತಣ್ಣಗಾದ ಮೇಲೆ ಬಡಿಸಿರಿ.

ತುಪ್ಪವಿಲ್ಲ, ಖೋವಾ ಇಲ್ಲ, ಹೊಟ್ಟೆಗೆ ಹಗುರ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಹಾಕದೆ ಬೇಯಿಸಿ, ಮಿತವಾಗಿ ಕೊಡಿ, ಹಣ್ಣಿನಲ್ಲೂ ಸಕ್ಕರೆಯುಂಟು. ಕಬ್ಬಿಣದ ಮಾತ್ರೆ ನುಂಗುವವರು 2 ಗಂಟೆ ಬಿಟ್ಟು ತಿನ್ನಲಿ; ಚಹಾದ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡದು.